ಗುರೆಳ್ಳಿಯ ಪದ

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ತಾತ್ಸಾರ. ನಮ್ಮದು ಕರಾವಳಿಯಿಂದ ಬಂದು ಪುಣೆ ಕ್ಯಾಂಪಿನಲ್ಲಿ ಹೋಟೆಲು ಇಟ್ಟುಕೊಂಡ ಮನೆತನ. ಊರಿನ ದೈವಕ್ಕೆ ಅಪ್ಪ ತಪ್ಪದೆ ಕಾಣಿಕೆ ಕಳಿಸುತ್ತಾರೆ, ನಾನು ಅದರ ಬಗ್ಗೆ ಮಾತಾಡದೆ ಸುಮ್ಮನಿರುತ್ತೇನೆ. ಒಮ್ಮೆ ನಮ್ಮ ಹೋಟೆಲಿನ ಉಗ್ರಾಣದಲ್ಲಿ ಏನೋ ಇದೆ, ಡಬ್ಬಿಗಳ ಮುಚ್ಚಳ ತಾವಾಗಿಯೇ ಅಲುಗಾಡುತ್ತವೆ ಎಂದು ಅಡುಗೆ ಭಟ್ಟರು ಒಳಗೆ ಕಾಲಿಡಲು ಒಪ್ಪಲಿಲ್ಲ. ನಾನೇ ಟಾರ್ಚು ಹಿಡಿದು ಕೂತೆ. ಸಿಕ್ಕಿದ್ದು ಒಂದು ಹೆಗ್ಗಣ. ಅಂದಿನಿಂದ ಯಾರಾದರೂ ಕಣ್ಣರಳಿಸಿಕೊಂಡು ಇಂಥ ಕತೆ ಶುರುಮಾಡಿದರೆ ನಾನು ಮನಸ್ಸಿನಲ್ಲೇ ಹೆಗ್ಗಣ ಹುಡುಕತೊಡಗುತ್ತೇನೆ. ಈಗ ಹೇಳಹೊರಟಿರುವ ಸಂಗತಿಯಲ್ಲೂ ಬಹಳ ಹುಡುಕಿದೆ. ನಡೆದು ಕೆಲವು ವರ್ಷಗಳೇ ಆದವು, ಇನ್ನೂ ಸಿಕ್ಕಿಲ್ಲ. ನಿಮಗೆ ಸಿಕ್ಕಿದರೆ ನನಗೇನೂ ಬೇಸರವಿಲ್ಲ.

ನಮ್ಮದೊಂದು ಹಾಡಿನ ತಂಡವಿದೆ. ಹೆಸರು ಹಗೇವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳ ಕೆಡದಂತೆ ನೆಲದೊಳಗೆ ತುಂಬಿಡುತ್ತಿದ್ದ ಗುಂಡಿಗೆ ಹಾಗೆನ್ನುತ್ತಾರೆ. ಹಳೆಯ ಜನಪದ ಧಾಟಿಗಳನ್ನು ತೆಗೆದುಕೊಂಡು ಗಿಟಾರು, ಕೀಬೋರ್ಡು ಸೇರಿಸಿ ಹೊಸದಾಗಿ ಕಟ್ಟುವುದು ನಮ್ಮ ಕೆಲಸ. ಕೀಬೋರ್ಡು ನನ್ನದು. ಬೆಳಿಗ್ಗೆ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಸಂಗೀತ. ಗಿಟಾರು ಅಮೋಘನದು. ಬೆಂಗಳೂರಿನವನು, ಪುಣೆಯ ಖರಾಡಿಯಲ್ಲಿ ಐಟಿ ಕೆಲಸ, ಮಾತು ಅರ್ಧ ಇಂಗ್ಲಿಷು. ಮೊದಲ ಆಲ್ಬಮ್ಮು ನಾವಿಬ್ಬರೇ ಮಾಡಿದ್ದು. ಕೇಳಿದವರು ಚೆನ್ನಾಗಿದೆ ಎಂದರು, ಆದರೆ ಹೇಳುವಾಗ ಅವರ ಮುಖ, ನಮ್ಮ ಹೋಟೆಲಿನಲ್ಲಿ ಸಪ್ಪೆ ಸಾರು ತಿಂದು ಒಳ್ಳೆಯದಿದೆ ಎನ್ನುವ ಗಿರಾಕಿಗಳ ಮುಖದಂತೆ ಇರುತ್ತಿತ್ತು.

ಎರಡನೇ ಆಲ್ಬಮ್ಮಿಗೆ ಉಪ್ಪು ಖಾರ ತಂದವರು ಶಾಂತಕ್ಕ. ಜಮಖಂಡಿ ಕಡೆಯ ಹಳ್ಳಿಯವರು, ಮದುವೆಯಾಗಿ ಪುಣೆಗೆ ಬಂದು ಇಲ್ಲೇ ಕಚೇರಿಯೊಂದರಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದಾರೆ, ಮಗ ಸೊಸೆ ಮೊಮ್ಮಗನ ಜೊತೆ ಧನಕವಡಿಯಲ್ಲಿ ಮನೆ. ಯಾರದೋ ಮನೆಯ ತೊಟ್ಟಿಲ ಕಾರ್ಯದಲ್ಲಿ ಅವರು ಹಾಡಿದ್ದನ್ನು ಕೇಳಿ ಅಮೋಘ ಅಲ್ಲಿಯೇ ಅವರ ಕಾಲು ಹಿಡಿದುಬಿಟ್ಟ. "ಏ ತಮ್ಮಾ, ನಾ ಏನ್ ಸಿನಿಮಾದಾಕಿ ಏನೋ?" ಎಂದು ನಕ್ಕರು. ಮರುವಾರವೇ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು, ಕೈಚೀಲದಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಸ್ಟುಡಿಯೋಕ್ಕೆ ಬಂದರು.

ಸ್ಟುಡಿಯೋ ಕಾತ್ರಜದ ಹತ್ತಿರ, ಒಂದು ಕಟ್ಟಡದ ನೆಲಮಾಳಿಗೆ. ನಡೆಸುವವನು ನಿಲೇಶ್ ಎಂಬ ಮರಾಠಿ ಹುಡುಗ, ಧ್ವನಿಮುದ್ರಣದಲ್ಲಿ ಪಳಗಿದವನು. ಗೋಡೆಗೆಲ್ಲ ಹತ್ತಿಯ ಹಾಸಿಗೆ ಬಿಗಿದು ಮೇಲೆ ಬಟ್ಟೆ ಹೊದಿಸಿದ್ದ. ಆದರೂ ಸಾತಾರದ ಕಡೆ ಹೊರಟ ಬಸ್ಸುಗಳು ಹಾರನ್ನು ಹೊಡೆದರೆ ಒಮ್ಮೊಮ್ಮೆ ಒಳಗೆ ಕೇಳುತ್ತಿತ್ತು. ಆಗ ಅವನು ಕಿವಿಯಿಂದ ಹೆಡ್‌ಫೋನು ತೆಗೆದು ದೇವರನ್ನು ಬೈಯುತ್ತಿದ್ದ. ಗಾಜಿನ ಆಚೆ ಅವನು, ಈಚೆ ನಾವು.

ಶಾಂತಕ್ಕ ನಮ್ಮ ರೀತಿಗೆ ಒಗ್ಗಲು ಬಹಳ ದಿನ ಬೇಕಾಗಲಿಲ್ಲ. ನಾವು ಅವರ ರೀತಿಗೆ ಒಗ್ಗಲು ಬೇಕಾಯಿತು. ತಾಳ ತಪ್ಪದಿರಲೆಂದು ಹಾಡುವವರ ಕಿವಿಯಲ್ಲಿ ಟಕ್ ಟಕ್ ಎಂಬ ಸದ್ದು ಹಾಕುವುದು ಸ್ಟುಡಿಯೋದ ಕ್ರಮ. ಅದನ್ನು ಹಾಕಿದ ಕೂಡಲೇ ಶಾಂತಕ್ಕ ಹೆಡ್‌ಫೋನು ಕಿತ್ತಿಟ್ಟರು.

"ಕಿವ್ಯಾಗ ಹಲ್ಲಿ ಲೊಚಗುಟ್ಟಿದಂಗ ಆಗ್ತದ. ಹ್ಯಾಂಗ ಹಾಡ್ಲಿ?"

ಹಲ್ಲಿಯನ್ನು ತೆಗೆದೆವು. ಮೊದಲ ಹಾಡುಗಳನ್ನು ಅಮೋಘನ ಕಾಲಿನ ತಟ್ಟುವಿಕೆ ನೋಡಿಕೊಂಡು ಹಾಡಿದರು. ಒಂದೊಂದೂ ಅಚ್ಚುಕಟ್ಟಾಗಿ ಬಂತು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಚಳಿಗಾಲ. ಹೊರಗಿನಿಂದ ಚಹಾ ಬರುತ್ತಿತ್ತು, ಶಾಂತಕ್ಕನ ಡಬ್ಬಿಯಿಂದ ರೊಟ್ಟಿ, ಗುರೆಳ್ಳು ಅಂದರೆ ಹುಚ್ಚೆಳ್ಳಿನ ಚಟ್ನಿ ಬರುತ್ತಿತ್ತು. ನಿಲೇಶ್ ಆ ಕರಿ ಚಟ್ನಿಗೆ ಎಷ್ಟು ಮರುಳಾದನೆಂದರೆ ಕೊನೆಕೊನೆಗೆ ಡಬ್ಬಿ ಬರುವುದು ತಡವಾದರೆ ಅವನ ಕೈ ಗುಂಡಿಗಳ ಮೇಲೆ ಓಡುತ್ತಿರಲಿಲ್ಲ.

ಆಲ್ಬಮ್ಮಿನ ಕೊನೆಯ ಹಾಡು ಬೀಸುವ ಪದ. ಶಾಂತಕ್ಕನ ತಾಯಿ ಜೋಳ ಬೀಸುತ್ತಾ ಹಾಡುತ್ತಿದ್ದದ್ದು. ಅದನ್ನೇ ನಡುಮನೆ ಮಾಡಿಕೊಂಡು ಉಳಿದ ಹಾಡುಗಳನ್ನು ಸುತ್ತ ಕಟ್ಟಿದ್ದೆವು. ಆದರೆ ಕಲ್ಲಿಲ್ಲದೆ ಆ ಪದ ತನ್ನ ಬಾಯಿಗೆ ಬರುವುದಿಲ್ಲ ಎಂದು ಅವರು ಪಟ್ಟು ಹಿಡಿದರು. ಕಾತ್ರಜದ ರಸ್ತೆಬದಿಯಲ್ಲಿ ಕಲ್ಲು ಕಡೆಯುವವರಿಂದ ಒಂದು ಹೊಸ ಬೀಸುಕಲ್ಲು ಕೊಂಡು ಆಟೋದಲ್ಲಿ ಹಾಕಿಕೊಂಡು ಬಂದೆವು. ಹೊಸ ಕಲ್ಲಿನ ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆಂದು ಶಾಂತಕ್ಕ ಒಂದಿಷ್ಟು ಜೋಳ ಬೀಸಿ ಚೆಲ್ಲಿದರು. ಈ ಕಲ್ಲು ಯಾರ ಮನೆಯದೂ ಆಗಿರಲಿಲ್ಲ, ಯಾರ ಹಾಡನ್ನೂ ಕೇಳಿರಲಿಲ್ಲ ಎಂಬುದನ್ನು ನೀವು ಗಮನದಲ್ಲಿಡಬೇಕು. ಹಳೆಯ ಕಲ್ಲಾಗಿದ್ದರೆ ಕನಿಷ್ಠ ಅದರ ಮೇಲಾದರೂ ಹೊರೆ ಹಾಕಬಹುದಿತ್ತು.

ಮೊದಲ ದಿನವೇ ಅಮೋಘ ಬೈಸಿಕೊಂಡ. ಮೈಕನ್ನು ಕಲ್ಲಿನ ಹತ್ತಿರ ಇಟ್ಟು, ಕಾಳು ಹಾಕದೆ ಗೂಟ ಹಿಡಿದು ತಿರುಗಿಸತೊಡಗಿದ್ದ.

"ಕಾಳು ಹಾಕಿದ್ರೆ ಸೌಂಡ್ ಮಂಕಾಗತ್ತೆ ಆಂಟಿ. ಖಾಲಿ ಕಲ್ಲಿಂದೇ ಕ್ಲೀನಾಗಿ ಬರತ್ತೆ."

"ಕೈ ತಗಿ ಮೊದಲ!" ಶಾಂತಕ್ಕ ಕೂಗಿದ ಕೂಗಿಗೆ ಗಾಜಿನ ಆಚೆ ನಿಲೇಶ್ ಎದ್ದು ನಿಂತ. "ಬರೇ ಕಲ್ಲ ಯಾರರ ತಿರುವ್ತಾರೇನು? ಮನ್ಯಾಗ ಕಾಳಿಲ್ಲ ಅಂತ ಕಲ್ಲಿಗೆ ತಿಳಿಸಿದಂಗ ಆಗ್ತದ."

ಅಮೋಘ ಕಾದ ಹಂಚು ಮುಟ್ಟಿದವನಂತೆ ಕೈ ಎಳೆದುಕೊಂಡ. ಆಮೇಲೆ ಶಾಂತಕ್ಕ ನಮಗೆ ಕಲ್ಲಿನ ನಿಯಮಗಳನ್ನೆಲ್ಲ ಹೇಳಿದರು. ಬರಿ ಕಲ್ಲು ತಿರುಗಿಸಬಾರದು. ಹಾಕಿದ ಕಾಳು ಮುಗಿಯುವ ತನಕ ನಡುವೆ ನಿಲ್ಲಿಸಬಾರದು. ಬೀಸಲು ಇಬ್ಬರು ಎದುರುಬದುರು ಕೂರಬೇಕು, ಒಬ್ಬರು ಸೊಲ್ಲು ಎತ್ತಿದರೆ ಇನ್ನೊಬ್ಬರು ಅದನ್ನೇ ಹಿಡಿದು ಹಾಡಬೇಕು. ಎದುರಿಗೆ ಕೂರುವ ಕೆಲಸ ನನಗೆ ಬಂತು. ಹಿಟ್ಟಿನ ಗಿರಣಿ ಬಿಟ್ಟರೆ ಬೇರೆ ಕಂಡವಳಲ್ಲ ನಾನು. ಮೊದಲ ದಿನ ಅಂಗೈಯಲ್ಲಿ ಬೊಬ್ಬೆ ಬಂತು. ಹಾಡುವುದಂತೂ ಇನ್ನೂ ಕಷ್ಟ. ಅವರು 'ಮನಿ' ಎಂದರೆ ನಾನು 'ಮನೆ' ಎನ್ನುತ್ತಿದ್ದೆ, ಅವರು 'ಹೋತ' ಎಂದರೆ ನಾನು 'ಹೋಯಿತು' ಎನ್ನುತ್ತಿದ್ದೆ.

"ನೀ ಹಾಡಿದ್ರ ಮಾಸ್ತರ ಪಾಠ ಓದಿದಂಗ ಕೇಳ್ತದವಾ," ಎಂದು ಶಾಂತಕ್ಕ ನಗುತ್ತಿದ್ದರು. ನನ್ನ ನಾಲಿಗೆ ಹೊರಳುವುದೇ ಹಾಗೆ ಎಂದು ಕೊನೆಗೆ ಕೈಬಿಟ್ಟರು. ನನ್ನ ದನಿಯನ್ನು ಹಿಂದೆ ಸಣ್ಣದಾಗಿ ಇಡುವುದೆಂದು ತೀರ್ಮಾನವಾಯಿತು.

ಆ ಪದದ ತುಂಬ ಮನೆಯವರ ಹೆಸರುಗಳಿದ್ದವು. ಮೊದಲು ಕಲ್ಲಿಗೆ ಕೈಮುಗಿಯುವುದು, ಆಮೇಲೆ ತವರನ್ನು ಹರಸುವುದು, ಆಮೇಲೆ ಒಂದೊಂದು ಮಗುವಿಗೂ ಒಂದೊಂದು ನುಡಿ. ಹಿರಿಯ ಮಗ ಮಲ್ಲಪ್ಪ ಕುಂಟೆ ಹೊಡೆಯುವ ಚೆಂದ, ಎರಡನೆಯವನು ಕುಸ್ತಿ ಗೆದ್ದು ಬಂದದ್ದು, ಕಿರಿಯವನು ಶಾಲೆಗೆ ಹೋಗುವಾಗ ಹಾಕುವ ಟೋಪಿ. ಶಾಂತಕ್ಕ ಅಣ್ಣತಮ್ಮಂದಿರ ನುಡಿಗಳನ್ನು ಹಾಡುತ್ತಿದ್ದರೆ ಅವರ ತಾಯಿ ಮಕ್ಕಳನ್ನು ನೋಡಿದ ಕಣ್ಣು ನಮಗೂ ಸಿಗುತ್ತಿತ್ತು. ಹಾಡು ಮುಗಿದ ಮೇಲೆ ಅಮೋಘ ಏನೂ ಯೋಚಿಸದೆ ಕೇಳಿದ.

"ಆಂಟಿ, ನಿಮ್ ಮೇಲೆ ಒಂದೂ ಇಲ್ವಾ?"

ಶಾಂತಕ್ಕ ಸೆರಗಿನಿಂದ ಕೈಗೆ ಅಂಟಿದ ಹಿಟ್ಟು ಒರೆಸಿಕೊಂಡರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡರು. ಆಮೇಲೆ ಹೇಳಿದರು. ಎದುರಿಗೆ ಕೂತವರ ಹೆಸರು ಹಾಡಬಾರದು ಎಂಬುದು ಅವರ ಮನೆಯ ಕಲ್ಲಿನ ಇನ್ನೊಂದು ನಿಯಮ. ತಾಯಿಯ ಬಾಯಿಂದ ಹೊಗಳಿಕೆ ಮಕ್ಕಳ ಮುಖಕ್ಕೆ ಬಿದ್ದರೆ ತಾಯಿಯ ದೃಷ್ಟಿಯೇ ತಾಗುತ್ತದಂತೆ. ಗಂಡುಮಕ್ಕಳು ಕಲ್ಲಿನ ಮುಂದೆ ಕೂರುವವರಲ್ಲ, ಹಾಸಿಗೆಯಲ್ಲೋ ಅಂಗಳದಲ್ಲೋ ಇರುವವರು, ಅವರ ಮೇಲೆ ಬೇಕಾದಷ್ಟು ಹಾಡಬಹುದು. ಒಬ್ಬಳೇ ಮಗಳಾದ ಶಾಂತಕ್ಕ, ಕೈಗೆ ಗೂಟ ಎಟುಕಿದ ದಿನದಿಂದ ತಾಯಿಯ ಎದುರಿಗೆ ಕೂತವರು.

"ನನ್ನ ಮ್ಯಾಲ ಕಟ್ಟಿದ್ಳೋ ಇಲ್ಲೋ, ನನಗೇನ ಗೊತ್ತವಾ? ಇದ್ದರೂ ನಾ ಕೇಳೂ ಹಂಗಿರಲಿಲ್ಲ. ನಮ್ಮ ಅಣ್ಣತಮ್ಮರು ಕಾಡಸ್ತಿದ್ರು, ಅವ್ವಗ ನಾವಷ್ಟ ಮಕ್ಕಳು, ನಿನ್ನ ಮ್ಯಾಲ ಅರ್ಧಾ ಸೊಲ್ಲರ ಅದ ಏನು ಅಂತ. ನಗಚಾಷ್ಟಿಗೆ ಅಂತಿದ್ರು ಖರೆ. ಆದ್ರ ಅವ್ವ ಹೋದ ಮ್ಯಾಲ ನನಗೂ ಹಂಗ ಅನಸಾಕ ಹತ್ತೇದ."

ಮದುವೆಯ ನಂತರ ತವರಿಗೆ ಹೋದಾಗಲೂ ಕೇಳಲಿಲ್ಲವೇ ಎಂದು ನಾನು ವಿಚಾರಿಸಿದೆ. ಹೋದ ಕೂಡಲೇ ತಾಯಿಗೆ ನೆರವಾಗಲೆಂದು ಕಲ್ಲಿನ ಮುಂದೆ ಕೂತುಬಿಡುತ್ತಿದ್ದರಂತೆ. ತಾಯಿಯನ್ನೇ ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎಂದರೆ, ಇಲ್ಲ ಎಂಬ ಉತ್ತರ ಬಂದರೆ ಏನು ಮಾಡುವುದು ಎಂದರು.

ಅಮೋಘನಿಗೆ ಪಾಪ, ತಪ್ಪು ಮಾಡಿದೆ ಅನ್ನಿಸಿತು. ನಾವೇ ಒಂದು ನುಡಿ ಬರೆಯೋಣ, ಅದೇ ಧಾಟಿಯಲ್ಲಿ, ನಿಮ್ಮ ಹೆಸರಿಟ್ಟು ಎಂದು ಉತ್ಸಾಹದಿಂದ ಹೇಳಿದ. ಶಾಂತಕ್ಕ ಸಿಟ್ಟಾಗಲಿಲ್ಲ. ಆದರೆ ಒಪ್ಪಲೂ ಇಲ್ಲ.

"ನೀ ಕಟ್ಟಿದ್ದು ನಿಂದು ಆಗ್ತದೋ ತಮ್ಮಾ. ಅವ್ವಂದ ಹ್ಯಾಂಗ ಆದೀತು? ಇದ್ದಷ್ಟ ಹಾಡೂಣು."

ಹಾಗೆ ಹೇಳಿ ಚಹಾ ಕುಡಿದರು. ಆದರೆ ಮರುದಿನದಿಂದ ಆ ಹಾಡಿನ ಮಾತೆತ್ತಿದರೆ, ಬೇರೆ ಹಾಡು ಮೊದಲು ಮುಗಿಸೋಣ ಎನ್ನತೊಡಗಿದರು. ಕಡೆಗೆ ಒಂದು ದಿನ, ಅದೊಂದನ್ನು ಬಿಟ್ಟೇಬಿಟ್ಟರೆ ಹೇಗೆ, ಗಂಡುಮಕ್ಕಳನ್ನಷ್ಟೇ ಹೊಗಳುವ ಪದ ಈಗಿನ ಹುಡುಗಿಯರಿಗೆ ಸೇರಲಿಕ್ಕಿಲ್ಲ ಎಂದರು. ಅದು ನೆವ ಎಂದು ನಮಗೆಲ್ಲ ಗೊತ್ತಿತ್ತು. ಅಣ್ಣತಮ್ಮಂದಿರ ನುಡಿ ಮುಗಿದ ಕೂಡಲೇ ಹಾಡು ನಿಲ್ಲುವ ಜಾಗ ಅವರಿಗೆ ಚುಚ್ಚುತ್ತಿತ್ತು. ಒಂದೇ ಒಂದು ಸಲ ಪೂರ್ತಿ ಹಾಡಿ ನೋಡೋಣ, ಸರಿ ಅನ್ನಿಸದಿದ್ದರೆ ಬಿಡೋಣ ಎಂದು ನಾನು ಹೇಗೋ ಒಪ್ಪಿಸಿದೆ.

ಅದು ಒಂದು ಮಧ್ಯಾಹ್ನ. ಅಮೋಘ ಖರಾಡಿಯಲ್ಲಿ ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದ. ಸ್ಟುಡಿಯೋದಲ್ಲಿ ಇದ್ದವರು ನಾವು ಮೂವರೇ. ನಡುವೆ ಕಲ್ಲು, ಕಲ್ಲಿನ ಕೆಳಗೆ ಹಳೆಯ ಸೀರೆ, ಮೇಲೆ ಒಂದು ಮೈಕು. ನಾನು ಮತ್ತು ಶಾಂತಕ್ಕ ಎದುರುಬದುರು ಕೂತು ಗೂಟ ಹಿಡಿದೆವು. ಹಾಡು ಚೆನ್ನಾಗಿಯೇ ಸಾಗಿತು. ಕಿರಿಯವನ ಟೋಪಿಯ ನುಡಿ ಮುಗಿಯಿತು. ಕಲ್ಲಿನಲ್ಲಿ ಇನ್ನೂ ಕಾಳಿದ್ದವು, ಆದ್ದರಿಂದ ಸುಮ್ಮನೆ ತಿರುಗಿಸುತ್ತಿದ್ದೆವು. ಆಗ ಶಾಂತಕ್ಕನ ಕೈಚೀಲದಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಮೊಮ್ಮಗನ ಶಾಲೆಯ ವ್ಯಾನು ಬರುವ ಹೊತ್ತು. ಅವರು ನನಗೆ ಕಣ್ಸನ್ನೆ ಮಾಡಿ, "ನೀ ನಿಲ್ಲಿಸಬ್ಯಾಡ, ಕಾಳದಾವ," ಎಂದು ಪಿಸುಗುಟ್ಟಿ ಫೋನು ಹಿಡಿದು ಹೊರಗೆ ಹೋದರು. ದಪ್ಪ ಬಾಗಿಲು ಮುಚ್ಚಿಕೊಂಡಿತು.

ನನಗೆ ನೆನಪಿರುವುದನ್ನು ನೆನಪಿದ್ದಷ್ಟೇ ಹೇಳುತ್ತೇನೆ. ಒಬ್ಬಳೇ ತಿರುಗಿಸುವುದು ಭಾರವಾಗಿತ್ತು. ರಟ್ಟೆ ನೋಯುತ್ತಿತ್ತು. ಹೋಟೆಲಿನಲ್ಲಿ ಸಂಜೆಗೆ ಕಾಯಿ ತುರಿದಿಡಲು ಹೇಳಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಹೊಸ ಹಿಟ್ಟಿನ ಬೆಚ್ಚಗಿನ ವಾಸನೆ ಮೂಗಿಗೆ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೈಗೆ ಕಲ್ಲು ಒಗ್ಗಿತೆಂದು ಕಾಣುತ್ತದೆ, ನೋವು ಗೊತ್ತಾಗಲಿಲ್ಲ. ಹಾಯಾಗಿತ್ತು. ಅಷ್ಟೇ. ತಲೆ ಸುತ್ತಲಿಲ್ಲ, ಕಣ್ಣು ಕತ್ತಲಿಡಲಿಲ್ಲ, ತಣ್ಣನೆಯ ಗಾಳಿ ಬೀಸಲಿಲ್ಲ. ಬಾಗಿಲು ತೆರೆದು ಶಾಂತಕ್ಕ ಒಳಗೆ ಬಂದು "ಎಲ್ಲಾ ಬೀಸಿಬಿಟ್ಟೆಲ್ಲವಾ!" ಎಂದಾಗ ನೋಡಿದರೆ ಕಾಳು ಮುಗಿದಿತ್ತು, ಸೀರೆಯ ಮೇಲೆ ಹಿಟ್ಟು ಗುಡ್ಡೆಯಾಗಿತ್ತು. ಒಂದು ಗಳಿಗೆಯ ಕೆಲಸವಲ್ಲ ಅದು.

ಗಾಜಿನ ಆಚೆಯಿಂದ ನಿಲೇಶನ ದನಿ ಬಂತು. ಅವನು ಖುಷಿಯಲ್ಲಿದ್ದ.

"ಮ್ಯಾಡಮ್, ತೇ ಶೇವಟಚಂ ಕಡವಂ ನವೀನ ಹೋತಂ ಕಾ? ಛಾನ ಝಾಲಂ!"

ಕೊನೆಯ ನುಡಿ ಹೊಸದೇ, ಸೊಗಸಾಗಿ ಬಂತು ಎಂದು ಅವನು ನನ್ನನ್ನು ಕೇಳುತ್ತಿದ್ದ. ಯಾವ ನುಡಿ ಎಂದೆ. ನೀವೀಗ ಹಾಡಿದ್ದು ಎಂದ. ನಾನು ಹಾಡಲೇ ಇಲ್ಲ ಎಂದೆ. ಅವನು ತಮಾಷೆ ಎಂದುಕೊಂಡು ನಕ್ಕು, ನಮ್ಮಿಬ್ಬರನ್ನೂ ಆಚೆಗೆ ಕರೆದು, ಧ್ವನಿಮುದ್ರಣವನ್ನು ಹಿಂದಕ್ಕೆ ಓಡಿಸಿ ಹಚ್ಚಿದ.

ಮೊದಲು ಬಾಗಿಲು ಮುಚ್ಚಿದ ಸದ್ದು. ಆಮೇಲೆ ಬಹಳ ಹೊತ್ತು ಕಲ್ಲಿನ ಸದ್ದೊಂದೇ. ಆಮೇಲೆ ಹಾಡು. ದನಿ ನನ್ನದೇ, ಅದರಲ್ಲಿ ಸಂಶಯವಿಲ್ಲ. ನನ್ನ ದನಿಯ ಒಡಕನ್ನು ನಾನು ಎಲ್ಲಿ ಬೇಕಾದರೂ ಗುರುತಿಸುತ್ತೇನೆ. ಆದರೆ ಮಾಸ್ತರ ಪಾಠ ಇರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಹೆಂಗಸರು ಹಾಡಿಕೊಳ್ಳುವ ಹಾಗೆ, ಆತುರವಿಲ್ಲದೆ ಹಾಡಿದ್ದೆ.

ಹೊಲದಂಚ ಗುರೆಳ್ಳು ಹಳದೀಯ ಹೂ ಬಿಟ್ಟಾವ
ಕಲ್ಲೀನ ಎದುರ ಬರಿದಾತ, ಗುರೆಳ್ಳಿ
ಬಲಗೈಯ ಕೊಟ್ಟು ಕಳಿಸೀನಿ

ನನಗೆ ಅರ್ಥವಾಗುವ ಮೊದಲೇ ಶಾಂತಕ್ಕ ನನ್ನ ಭುಜ ಹಿಡಿದುಕೊಂಡಿದ್ದರು. ಹಿಡಿತ ಎಷ್ಟು ಗಟ್ಟಿಯಾಗಿತ್ತೆಂದರೆ ಹಿಟ್ಟಿನ ಬೆರಳಿನ ಗುರುತು ಕುರ್ತಾದ ಮೇಲೆ ಉಳಿದಿತ್ತು.

"ಗುರೆಳ್ಳಿ ಅಂತ ನಿನಗ ಯಾರ ಹೇಳಿದ್ರು?"

ನನಗೆ ಆ ಹೆಸರೇ ಗೊತ್ತಿರಲಿಲ್ಲ. ಗುರೆಳ್ಳೆಂದರೆ ಡಬ್ಬಿಯಲ್ಲಿ ಬರುವ ಚಟ್ನಿಯ ಕಾಳು ಎಂದಷ್ಟೇ ನನಗೆ ಗೊತ್ತು. ಅದರ ಹೂವು ಹಳದಿ ಎಂಬುದು ಆಮೇಲೆ ತಿಳಿಯಿತು. ಶಾಂತಕ್ಕ ಹುಟ್ಟಿದಾಗ ಕಪ್ಪಗೆ, ಸಣ್ಣಗೆ ಇದ್ದರಂತೆ. ಗುರೆಳ್ಳ ಕಾಳಿನಷ್ಟಿದ್ದಾಳೆ ಎಂದು ತಾಯಿ ಅವರನ್ನು ಗುರೆಳ್ಳಿ ಎಂದು ಕರೆಯುತ್ತಿದ್ದರು. ಮದುವೆಯ ಹೊತ್ತಿಗೆ ಅದು ನಾಚಿಕೆಯ ಹೆಸರಾಗಿತ್ತು. ಪುಣೆಯಲ್ಲಿ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ, ಹೇಳಿದ್ದರೆ ಅವರು ಜೀವನಪೂರ್ತಿ ಕಾಡಿಸುತ್ತಿದ್ದರು ಎಂದರು.

ನಿಲೇಶನಿಗೆ ಕನ್ನಡ ಬಾರದು. ನಮ್ಮಿಬ್ಬರ ಮುಖ ನೋಡಿ, ಮೈಕು ಸರಿಯಾಗಿತ್ತು, ಬೇರೆ ಯಾವ ಹಾಡೂ ಇದರಲ್ಲಿ ಬೆರೆತಿಲ್ಲ, ಮ್ಯಾಡಮ್ಮಿನ ಬಾಯಿ ಅಲುಗಿದ್ದನ್ನು ನಾನೇ ಗಾಜಿನಲ್ಲಿ ನೋಡಿದೆ ಎಂದು ಆಣೆ ಇಟ್ಟು ಹೇಳಿದ.

ಶಾಂತಕ್ಕ ಕುರ್ಚಿ ಎಳೆದುಕೊಂಡು ಸ್ಪೀಕರಿನ ಮುಂದೆ ಕೂತರು. "ಇನ್ನೊಮ್ಮೆ ಹಚ್ಚಪಾ," ಎಂದರು. ಹಚ್ಚಿದ. ಮತ್ತೊಮ್ಮೆ ಎಂದರು. ಆಮೇಲೆ ಏನೋ ನೆನಪಾದಂತೆ ಕುರ್ಚಿಯನ್ನು ತಿರುಗಿಸಿ ಸ್ಪೀಕರಿಗೆ ಬೆನ್ನು ಮಾಡಿ ಕೂತು ಕೇಳಿದರು. ಹಾಗೇಕೆ ಎಂದು ನಾನು ಕೇಳಲಿಲ್ಲ.

ಹಿರಿಯ ಅಣ್ಣ ಮಲ್ಲಪ್ಪನವರು ಈಗಲೂ ಊರಿನಲ್ಲಿದ್ದಾರೆ. ಶಾಂತಕ್ಕ ಅಲ್ಲಿಂದಲೇ ಅವರಿಗೆ ಫೋನು ಮಾಡಿದರು. ಅಣ್ಣನಿಗೆ ಕಿವಿ ಮಂದ, ಆದ್ದರಿಂದ ಎಲ್ಲರಿಗೂ ಕೇಳುವ ಹಾಗೆ ದನಿ ದೊಡ್ಡದು ಮಾಡಿ ಇಟ್ಟರು. ಏನೂ ಪೀಠಿಕೆ ಹಾಕದೆ, ಒಂದು ಹಾಡು ಹಚ್ಚುತ್ತೇನೆ ಕೇಳು ಎಂದರು. ನಿಲೇಶ್ ಹಚ್ಚಿದ. ಮುಗಿದ ಕೂಡಲೇ ಆ ಕಡೆಯಿಂದ ಮಲ್ಲಪ್ಪನವರ ದನಿ ಬಂತು.

"ಇದು ಅವ್ವನ ಪದ. ಯಾರ ಹಾಡ್ಯಾರ ಇದನ?"

"ಅದು ಆಮ್ಯಾಲ ಹೇಳ್ತೀನಿ. ಅವ್ವ ಯಾವಾಗ ಹಾಡತಿದ್ಳೋ ಯಣ್ಣಾ? ನಾ ಒಮ್ಮೆನೂ ಕೇಳಿಲ್ಲ."

"ನೀ ಎಲ್ಲಿಂದ ಕೇಳ್ತಿ? ನೀ ಪುಣೆಕ್ಕ ಹೋದ ಮ್ಯಾಲ ಹಾಡಾಕ ಸುರು ಮಾಡಿದ್ಳು. ನಿಮ್ಮ ವೈನಿ ಎದುರಿಗೆ ಕೂಡಾಕಿ. ದಿನಾ ನಸುಕಿನ್ಯಾಗ ಇದ ಪದ. ನೀ ಬಂದ್ಯಂದ್ರ ನಿಮ್ಮ ವೈನಿ ಎದ್ದ ಬಿಡಾಕಿ, ಆ ಜಾಗಾಕ್ಕ ನೀ ಕೂಡಾಕಿ. ಅವ್ವ ಬಾಯಿ ಮುಚ್ಚಿ ಬಿಡತಿದ್ಳು."

"ಮತ್ತ ಇಷ್ಟ ವರ್ಷ ನನಗ್ಯಾಕ ಹೇಳಲಿಲ್ಲ?"

"ನಿನಗ ಗೊತ್ತೈತೋ ಇಲ್ಲೋ ಅಂತ ನನಗೇನ ಗೊತ್ತವಾ? ನೀ ಎಂದರ ಕೇಳಿದ್ಯಾ?"

ಶಾಂತಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಳುತ್ತಲೇ ಅಣ್ಣನಿಗೆ ಬೈದರು, ಬೈಯುತ್ತಲೇ ನಕ್ಕರು. ಅಷ್ಟರಲ್ಲಿ ಆ ಕಡೆ ವೈನಿಯ, ಅಂದರೆ ಅತ್ತಿಗೆಯ ದನಿ ಕೇಳಿತು. ಏನು, ಏನು ಎಂದು ವಿಚಾರಿಸಿಕೊಂಡು ಫೋನು ಕಸಿದುಕೊಂಡರೆಂದು ಕಾಣುತ್ತದೆ.

"ಒಂದ ಪದಕ್ಕ ಹಿಂಗ ಮಾಡ್ತೀಯಾ? ನಿನ್ನ ಮ್ಯಾಲಿನವು ಬೀಸೂದು ಮುಗಿಯೂ ತನಾ ಇದ್ದುವು. ಕೇಳಿ ಕೇಳಿ ನನ್ನ ಕಿವಿ ತೂತಾಗ್ಯಾವ. ನನ್ನ ಮ್ಯಾಲ ಒಂದರ ಹಾಡಿದ್ಳೇನು ನಿಮ್ಮವ್ವ?"

"ನೀ ಎದುರಿಗೆ ಕೂಡತಿದ್ದಿ ವೈನಿ, ನಿನ್ನ ಮ್ಯಾಲ ಹ್ಯಾಂಗ ಹಾಡ್ತಾಳ?" ಎಂದರು ಶಾಂತಕ್ಕ. ಅದನ್ನು ಹೇಳಿದ ಮೇಲೆ ತಾವೇ ತಮ್ಮ ಮಾತನ್ನು ಕೇಳಿಸಿಕೊಂಡವರಂತೆ ನನ್ನತ್ತ ತಿರುಗಿ ನೋಡಿದರು. ಆಮೇಲೆ, ಉಳಿದ ನುಡಿಗಳನ್ನು ಈಗಲೇ ಹಾಡು ಎಂದು ಅಂಗಲಾಚಿದರು.

ಅತ್ತಿಗೆ ಒಪ್ಪಲಿಲ್ಲ. ಫೋನಿನಲ್ಲಿ ಮಾತಾಡಿದರೂ ಎದುರಿಗಿದ್ದ ಹಾಗೆಯೇ, ನಿನ್ನ ಹೆಸರಿನ ಪದ ನಿನ್ನ ಕಿವಿಗೆ ನಾನು ಹಾಡಲಾರೆ, ಬೇಕಾದರೆ ಆ ಹುಡುಗಿಯ ಕೈಗೆ ಫೋನು ಕೊಡು ಎಂದರು. ಶಾಂತಕ್ಕ ಫೋನನ್ನು ನನ್ನ ಕೈಗಿಟ್ಟು ಎದ್ದು ಮೆಟ್ಟಿಲ ಕಡೆ ಹೋದರು. ವೈನಿ ಹಾಡತೊಡಗಿದರು. ನಾನು ಒಂದೊಂದು ಸೊಲ್ಲನ್ನೂ ಹಿಂದೆ ಹೇಳುತ್ತ ಕಲಿಯತೊಡಗಿದೆ. ತಾಯಿ ಮಗಳ ಜಡೆಯನ್ನು ಹಾಡಿದ್ದರು, ಸುಟ್ಟ ರೊಟ್ಟಿಯನ್ನು ಹಾಡಿದ್ದರು, ಪುಣೆಯೆಂಬ ಊರಿನಲ್ಲಿ ಮಗಳಿಗೆ ಜೋಳ ಸಿಗುತ್ತದೋ ಇಲ್ಲವೋ ಎಂದು ಹಾಡಿದ್ದರು. ಮೆಟ್ಟಿಲ ಕಡೆಯ ಬಾಗಿಲನ್ನು ಶಾಂತಕ್ಕ ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ಅವರ ಸೀರೆಯ ಅಂಚು ಕಾಣುತ್ತಿತ್ತು. ನಿಯಮ ಮುರಿಯಿತೆಂದು ನನಗೆ ಅನ್ನಿಸಲಿಲ್ಲ, ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಆಲ್ಬಮ್ಮು ಆ ವರ್ಷವೇ ಹೊರಬಂತು. ಕೊನೆಯ ಹಾಡು ಎಲ್ಲಕ್ಕಿಂತ ಉದ್ದವಾಯಿತು. ಇಷ್ಟು ಉದ್ದದ್ದನ್ನು ಈ ಕಾಲದಲ್ಲಿ ಯಾರು ಕೇಳುತ್ತಾರೆ ಎಂದು ಯಾರೋ ಅಂದರು, ಅಮೋಘ ಅವರ ಜೊತೆ ಜಗಳವಾಡಿದ. ಜನ ಕೇಳಿದರು. ಅಣ್ಣತಮ್ಮಂದಿರನ್ನು ಶಾಂತಕ್ಕ ಹಾಡಿದ್ದಾರೆ, ಶಾಂತಕ್ಕನನ್ನು ನಾನು ಹಾಡಿದ್ದೇನೆ. ಆ ಮಧ್ಯಾಹ್ನದ ನುಡಿಯನ್ನು ಬಂದ ಹಾಗೆಯೇ, ಏನೂ ತಿದ್ದದೆ ಇಟ್ಟುಕೊಂಡೆವು. ಮೊದಲ ಸಲ ಕೇಳಿದಾಗ ಅಮೋಘ ತಲೆ ಕೆರೆದುಕೊಂಡು, ನಿದ್ದೆಗಣ್ಣಿನಲ್ಲಿ ನಿನ್ನ ಮೆದುಳೇ ಕಟ್ಟಿರಬೇಕು ಎಂದ. ಇರಬಹುದು. ಆದರೆ ಕಂಡು ಕೇಳರಿಯದ ಹೆಸರನ್ನು, ಸತ್ತುಹೋದ ತಾಯಿ ಕಟ್ಟಿದ ಅದೇ ಸೊಲ್ಲಿನಲ್ಲಿ ಇಟ್ಟು ಕಟ್ಟುವಷ್ಟು ನನ್ನ ಮೆದುಳು ಚುರುಕಾಗಿದ್ದರೆ ನಾನು ಗಲ್ಲಾದಲ್ಲಿ ಕೂತಿರುತ್ತಿರಲಿಲ್ಲ. ಶಾಂತಕ್ಕ ಎಂದಾದರೂ ಗುನುಗಿದ್ದನ್ನು ಕೇಳಿಸಿಕೊಂಡಿರಬೇಕು ಎಂದರೆ, ಅವರೇ ಅದನ್ನು ಕೇಳಿರಲಿಲ್ಲ. ಮಲ್ಲಪ್ಪನವರನ್ನಾಗಲಿ ವೈನಿಯವರನ್ನಾಗಲಿ ನಾನು ಅದಕ್ಕೆ ಮುಂಚೆ ನೋಡಿದವಳಲ್ಲ, ಮಾತಾಡಿದವಳಲ್ಲ. ನನಗೆ ಗೊತ್ತಾಗದ ಹಾಗೆ ಮತ್ತೊಮ್ಮೆ ಬರುತ್ತದೋ ಎಂದು ಅದೇ ಕಲ್ಲಿನ ಮುಂದೆ ಒಬ್ಬಳೇ ಕೂತು ಜೋಳ ಬೀಸಿಯೂ ನೋಡಿದ್ದೇನೆ. ಹಿಟ್ಟು ಬಂತು.

ಶಾಂತಕ್ಕನಿಗೆ ಇದರ ಚಿಂತೆಯೇ ಇಲ್ಲ. ಹೇಗೆ ಬಂತು ಎಂದು ಅವರು ಈ ತನಕ ಒಮ್ಮೆಯೂ ಕೇಳಿಲ್ಲ. ನಾನೇ ಮಾತೆತ್ತಿದರೆ, "ಬರಬೇಕಾದದ್ದು ಬಂತಲ್ಲ, ಇನ್ನೇನ ನಿಂದು?" ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಈಗ ಊರೂರಿಗೆ ಹಾಡಲು ಹೋಗುತ್ತೇವೆ. ವೈನಿಯವರು ಕಲಿಸಿದ ನುಡಿಗಳಲ್ಲಿ ನಾನು ಇವತ್ತಿಗೂ ತಪ್ಪುತ್ತೇನೆ, 'ಮನಿ' ಹೋಗಿ 'ಮನೆ' ಆಗುತ್ತದೆ, ಅಮೋಘ ಗಿಟಾರಿನ ಹಿಂದೆ ನಗುತ್ತಾನೆ. ಆ ಒಂದು ನುಡಿಯಲ್ಲಿ ಮಾತ್ರ ನನ್ನ ನಾಲಿಗೆ ಎಂದೂ ತಪ್ಪಿಲ್ಲ. ಯಾರೂ ಕಲಿಸದ ಆ ಒಂದೇ ಒಂದು ನುಡಿಯಲ್ಲಿ ಯಾಕೆ ತಪ್ಪುವುದಿಲ್ಲ ಎಂದು ಕೇಳಿದರೆ, ನನಗೆ ಗೊತ್ತಿಲ್ಲ.